ಶನಿವಾರದ ಎಣ್ಣೆ

ನಮ್ಮ ಬಿಲ್ಡಿಂಗಿನ ಕೆಳಗೆ, ನನ್ನ ಗಾಡಿ ನಿಲ್ಲುವ ಜಾಗದಲ್ಲಿ ಒಂದು ಕಲೆ ಇದೆ. ಸೋಪಿನ ಪುಡಿ ಹಾಕಿ ಉಜ್ಜಿದ್ದಾಯಿತು, ಸೀಮೆಎಣ್ಣೆ ಹಾಕಿ ಉಜ್ಜಿದ್ದಾಯಿತು, ಸೊಸೈಟಿಯ ಸೆಕ್ರೆಟರಿ ಬಂದು ಮುಖ ಸಿಂಡರಿಸಿ ಹೋಗಿದ್ದೂ ಆಯಿತು. ಅದು ಜಪ್ಪಯ್ಯ ಅಂದರೂ ಹೋಗಲಿಲ್ಲ. ಈಗ ನಾನು ಉಜ್ಜುವುದನ್ನು ಬಿಟ್ಟಿದ್ದೇನೆ. ಬೆಳಿಗ್ಗೆ ಗಾಡಿ ತೆಗೆಯುವಾಗ ಅದು ಕಣ್ಣಿಗೆ ಬೀಳುತ್ತದೆ, ಬಾಯಿಂದ ತಾನಾಗಿ ‘ಸದ್ಯ!’ ಎಂದು ಬರುತ್ತದೆ. ಈ ‘ಸದ್ಯ’ಕ್ಕೆ ಸರಿಯಾದ ಮಾತು ಹಿಂದಿಯಲ್ಲಿ ಏನು ಎಂದು ಆಫೀಸಿನಲ್ಲಿ ಎಷ್ಟೋ ಸಲ ತಲೆ ಕೆಡಿಸಿಕೊಂಡಿದ್ದೇನೆ. ಸಿಕ್ಕಿಲ್ಲ. ಬಾಣಲೆ ಕೈಯಿಂದ ಜಾರಿ, ಕಾಲ ಮೇಲೆ ಬೀಳದೆ ಪಕ್ಕದಲ್ಲಿ ಬಿದ್ದಾಗ ಹೇಳುವ ಮಾತು ಅದು. ಬೇರೆ ಭಾಷೆಯವರು ಆ ಹೊತ್ತಿಗೆ ಏನು ಹೇಳುತ್ತಾರೋ, ಪಾಪ.

ಗಾಡಿ ಅಂದೆನಲ್ಲ, ನೀವು ಸ್ಕೂಟರ್ ಅಂದುಕೊಂಡಿರಿ ತಾನೆ? ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. ಐವತ್ತು ದಾಟಿದ, ಚಳಿಗಾಲದಲ್ಲಿ ಮಂಡಿ ಹಿಡಿದುಕೊಳ್ಳುವ, ಮುಲುಂಡಿನಲ್ಲಿ ವಾಸವಾಗಿರುವ ಮೈಸೂರಿನ ಹೆಂಗಸಿಗೆ ಸ್ಕೂಟರೇ ಹೆಚ್ಚು ಅಂತ ಲೆಕ್ಕ. ನನ್ನದು ಮೋಟಾರ್ ಸೈಕಲ್. ಕಾಲಲ್ಲಿ ಗೇರು ಹಾಕುವ, ಟ್ಯಾಂಕಿಗೆ ಮೊಣಕಾಲು ಒತ್ತಿ ಕೂರುವ ಮೋಟಾರ್ ಸೈಕಲ್. ಅದೂ ಹೊಸದಲ್ಲ. ಒಬ್ಬರು ಓಡಿಸಿ ಕೊಟ್ಟಿದ್ದು.

ಓಡಿಸಲು ಕಲಿತದ್ದು ಹುಡುಗಿಯಾಗಿದ್ದಾಗ, ಚಿಕ್ಕಪ್ಪನ ಗಾಡಿಯಲ್ಲಿ. ಚಿಕ್ಕಪ್ಪನಿಗೆ ಗಾಡಿ ಒರೆಸುವುದೆಂದರೆ ಪೂಜೆ. ಭಾನುವಾರ ಬೆಳಿಗ್ಗೆ ಒಂದು ಹಳೇ ಬನಿಯನ್ ಹಿಡಿದು ಕೂತರೆ ತಿಂಡಿ ಆರಿ ಅಕ್ಷತೆಯಾದರೂ ಏಳುತ್ತಿರಲಿಲ್ಲ. ಬನಿಯನ್ ಒಗೆದು ಕೊಡುವ ಕೆಲಸ ನನ್ನದು, ಸಂಬಳವಾಗಿ ಮೈದಾನದಲ್ಲಿ ಒಂದು ಸುತ್ತು. ‘ಕ್ಲಚ್ಚನ್ನ ಬೆಕ್ಕಿನ ಮರಿ ಬಿಟ್ಟ ಹಾಗೆ ಬಿಡ್ಬೇಕು ಕಣೇ, ಚಪ್ಪಲಿ ಬಿಟ್ಟ ಹಾಗಲ್ಲ’ ಎನ್ನುತ್ತಿದ್ದರು. ಆಮೇಲೆ ನನಗೆ ಮದುವೆಯಾಗಿ ಮುಂಬಯಿಗೆ ಬಂದೆ. ಇಲ್ಲಿ ಲೋಕಲ್ ಇತ್ತು. ಇನ್ನು ಮೋಟಾರ್ ಸೈಕಲ್ ಯಾರಿಗೆ ಬೇಕು? ಮುಲುಂಡಿನಲ್ಲಿ ಹತ್ತಿ ವಿಕ್ರೋಳಿಯಲ್ಲಿ ಇಳಿದು, ಅಲ್ಲಿ ಒಂದು ಕಾರ್ಖಾನೆಯಲ್ಲಿ ಬಣ್ಣ ಪರೀಕ್ಷೆ ಮಾಡುವ ಕೆಲಸ. ತಗಡಿನ ಚೂರಿಗೆ ಬಣ್ಣ ಬಳಿದು, ಗೀರಿ, ಬಗ್ಗಿಸಿ, ನೀರಲ್ಲಿ ನೆನೆಸಿ, ‘ಇದು ಬಾಳುತ್ತದೆ, ಇದು ಬಾಳುವುದಿಲ್ಲ’ ಎಂದು ತೀರ್ಪು ಕೊಡುವುದು. ನನಗೆ ಆ ಕೆಲಸ ಕಂಡರೆ ಪ್ರಾಣ. ಹೇಳಲು ಸಂಕೋಚವೇನೂ ಇಲ್ಲ.

ಹೋದ ವರ್ಷ ಮಳೆ ಬಿಡುವ ಹೊತ್ತಿಗೆ ಲೋಕಲ್ ಹತ್ತುವಾಗ ಕಾಲು ಜಾರಿತು. ಒಂದು ಕಾಲು ಒಳಗೆ, ಒಂದು ಕಾಲು ಗಾಳಿಯಲ್ಲಿ, ರೈಲು ಹೊರಟುಬಿಟ್ಟಿದೆ. ಲೇಡೀಸ್ ಡಬ್ಬಿಯ ಹೆಂಗಸರು ಕೈಗೆ ಸಿಕ್ಕಿದ್ದನ್ನು ಹಿಡಿದು ನನ್ನನ್ನು ಒಳಗೆ ಎಳೆದುಕೊಂಡರು. ಕುರ್ತಾ ಹರಿಯಿತು, ಮಂಡಿ ತರಚಿತು, ಅಷ್ಟೇ. ಆದರೆ ಮಾರನೆಯ ದಿನದಿಂದ ಪ್ಲಾಟ್‌ಫಾರಮ್ಮಿನ ಮೇಲೆ ನಿಂತರೆ ಕಾಲು ಏಳುವುದಿಲ್ಲ. ಲೋಕಲ್ ಬರುತ್ತದೆ, ಜನ ಹತ್ತುತ್ತಾರೆ, ಹೋಗುತ್ತದೆ. ನಾನು ಕಂಬ ಹಿಡಿದುಕೊಂಡು ನಿಂತೇ ಇರುತ್ತೇನೆ. ಬಸ್ಸು ಹಿಡಿದೆ, ಆಟೋ ಹಿಡಿದೆ. ಎಲ್‌ಬಿಎಸ್ ರೋಡಿನ ಜಾಮಿನಲ್ಲಿ ಕೂತು ಕೂತು ಆಫೀಸು ಸೇರುವಾಗ ಚಹಾ ಸಮಯ ಮುಗಿದಿರುತ್ತಿತ್ತು. ನಮ್ಮ ಮೇಲಿನ ಸಾಹೇಬರು ಒಳ್ಳೆಯವರು, ಬೈಯಲಿಲ್ಲ, ಗಡಿಯಾರ ನೋಡುತ್ತಿದ್ದರು. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

‘ಸಾಕು ಬಿಡೇ ಸುಮಿ, ರಾಜೀನಾಮೆ ಬರೆದು ಕೊಟ್ಬಿಡು’ ಎಂದರು ನಮ್ಮ ಯಜಮಾನರು. ನನಗಿಂತ ಹೆಚ್ಚು ಹೆದರಿದವರು ಅವರೇ.

ಆಗ ಸಿಕ್ಕಿದ್ದು ಕರುಣಾಕರಣ್ಣನ ಗಾಡಿ. ಕರುಣಾಕರಣ್ಣ ಉಡುಪಿ ಕಡೆಯವರು, ನಮ್ಮ ಸ್ಟೇಷನ್ ಹತ್ತಿರದ ಹೋಟೆಲಿನ ಮ್ಯಾನೇಜರು. ನಾನು ಕಾಫಿ ಕುಡಿಯುವಾಗ ಗಲ್ಲಾದಿಂದಲೇ ‘ಅಕ್ಕ, ಡಿಕಾಕ್ಷನ್ ಸರಿ ಉಂಟಾ?’ ಎಂದು ವಿಚಾರಿಸುವವರು. ಅವರಿಗೆ ಸೊಂಟ ನೋವು ಶುರುವಾಗಿ ಡಾಕ್ಟರು ಬೈಕ್ ಬಿಡಿಸಿದ್ದರು. ‘ಯಾರಿಗಾದ್ರೂ ಒಳ್ಳೆಯವರಿಗೆ ಕೊಡ್ಬೇಕು ಅಕ್ಕ’ ಎಂದು ಮಗಳಿಗೆ ಗಂಡು ಹುಡುಕುವವರ ಹಾಗೆ ಹೇಳಿಕೊಂಡರು. ‘ನನಗೇ ಕೊಡಿ’ ಎಂದೆ. ಅವರ ಕೈಯಲ್ಲಿದ್ದ ಸೋಂಪು ಚೆಲ್ಲಿತು. ಅವತ್ತು ಸಂಜೆ ಹೋಟೆಲಿನ ಹಿಂದಿನ ಗಲ್ಲಿಯಲ್ಲಿ ಒಂದು ಸುತ್ತು ಹೊಡೆದು ತೋರಿಸಿದೆ. ಅಡುಗೆಮನೆಯವರೆಲ್ಲ ಸೌಟು ಹಿಡಿದು ಹೊರಗೆ ಬಂದಿದ್ದರು.

ಯಜಮಾನರು ಒಂದು ದಿನ ಮಾತು ಬಿಟ್ಟರು. ಆಮೇಲೆ ಷರತ್ತು ಹಾಕಿದರು. ‘ನೋಡು, ಹಳೇ ಗಾಡಿ. ಒಂದೇ ಒಂದು ಸಲ ಅದು ಕೈ ಕೊಡ್ತೋ, ಅವತ್ತೇ ಕರುಣಾಕರನಿಗೆ ವಾಪಸ್. ಮಾರನೇ ದಿನ ರಾಜೀನಾಮೆ. ಒಪ್ಪಿಗೆಯಾ?’ ಒಪ್ಪಿದೆ. ಒಪ್ಪದೆ ಏನು ಮಾಡಲಿ? ಆ ಗಾಡಿ ಇದ್ದರೆ ನನ್ನ ನೌಕರಿ ಇದ್ದ ಹಾಗೆ, ಅದು ಹೋದರೆ ನೌಕರಿಯೂ ಹೋದ ಹಾಗೆ. ಅಲ್ಲಿಂದ ಮುಂದೆ ಗಾಡಿ ಚೂರು ಕೆಮ್ಮಿದರೂ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು.

ಆ ಶನಿವಾರ ಯಜಮಾನರು ಮಲಾಡಿನಲ್ಲಿರುವ ತಂಗಿಯ ಮನೆಗೆ ಹೋಗಿದ್ದರು. ಗಾಡಿಗೆ ಆಯಿಲ್ ಬದಲಾಯಿಸುವ ಸಮಯವಾಗಿತ್ತು. ಕರುಣಾಕರಣ್ಣ ‘ನನ್ನ ಮೆಕ್ಯಾನಿಕ್ ಹತ್ರವೇ ಮಾಡಿಸ್ತೇನೆ, ನೀವು ಕೀ ಮಾತ್ರ ಕೊಡಿ’ ಎಂದು ಬೆಳಿಗ್ಗೆ ಯಾರನ್ನೋ ಕಳಿಸಿ ತರಿಸಿಕೊಂಡಿದ್ದರು. ಕೊಟ್ಟ ಹೆಣ್ಣನ್ನು ನೋಡಿಕೊಂಡು ಹೋಗಲು ತವರಿನವರು ನೆಪ ಹುಡುಕುವುದಿಲ್ಲವೇ, ಹಾಗೆ. ನಾನು ಹುರುಳಿಕಾಯಿ ಸೋಸುತ್ತಾ ಕೂತಿದ್ದಾಗ ಇಂಟರ್‌ಕಾಮ್ ಹೊಡೆದುಕೊಂಡಿತು. ಗೇಟಿನ ವಾಚ್‌ಮನ್ ಸಾವಂತ್ ಮಾಮಾ.

‘ಮ್ಯಾಡಮ್, ಗಾಡೀ ಆಲೀ. ತೇಲ್ ಖಾಲೀ ಆಹೆ.’

ಎಣ್ಣೆ ಖಾಲಿ! ನನಗೆ ಕೋಪ ನೆತ್ತಿಗೇರಿತು. ಹಳೇ ಆಯಿಲ್ ತೆಗೆದು ಹೊಸದು ಹಾಕದೆ ಕಳಿಸಿದ್ದಾರೆಯೆ? ಹೋಟೆಲಿನಿಂದ ಇಲ್ಲಿಯವರೆಗೆ ಒಣ ಎಂಜಿನ್ ಓಡಿಸಿಕೊಂಡು ಬಂದಿದ್ದಾರೆಯೆ? ಅಯ್ಯೋ, ಎಂಜಿನ್ ಸುಟ್ಟುಹೋಗಿದ್ದರೆ? ಹುರುಳಿಕಾಯಿ ಅಲ್ಲೇ ಬಿಟ್ಟು, ಚಪ್ಪಲಿ ಮೆಟ್ಟಿಕೊಂಡು, ಗೇಟಿನಲ್ಲಿ ಸಾವಂತ್ ಮಾಮಾ ಏನೋ ಹೇಳಲು ಬಂದದ್ದನ್ನೂ ಕೇಳದೆ, ಸ್ಪೇರ್ ಪಾರ್ಟ್ಸ್ ಅಂಗಡಿಗೆ ಓಡಿದೆ. ಅಂಗಡಿ ಬಾಗಿಲಲ್ಲಿ ಒಂದು ಗಳಿಗೆ ಕಾಲು ತಡೆಯಿತು. ನಮ್ಮಮ್ಮ ಶನಿವಾರ ಮನೆಗೆ ಎಣ್ಣೆ ತರಿಸುತ್ತಿರಲಿಲ್ಲ. ಶನಿಯನ್ನು ಕೈಯಾರೆ ಮನೆಗೆ ಕರೆದ ಹಾಗೆ ಎನ್ನುತ್ತಿದ್ದರು. ಎಂಜಿನ್ ಆಯಿಲಿಗೂ ಈ ಶಾಸ್ತ್ರ ಇದೆಯೋ ಇಲ್ಲವೋ ಎಂದು ಕೇಳಲು ಈಗ ಅಮ್ಮನಿಲ್ಲ. ಇದ್ದಿದ್ದರೆ ಖಂಡಿತ ಇದೆ ಎನ್ನುತ್ತಿದ್ದರು. ಬಾಟಲಿ ತಂದೆ, ಮುಚ್ಚಳ ತೆಗೆದೆ, ಗಳಗಳ ಎಂದು ಪೂರ್ತಿ ಸುರಿದೆ.

ಆ ಮುಚ್ಚಳಕ್ಕೆ ಒಂದು ಅಳತೆಕಡ್ಡಿ ಅಂಟಿಕೊಂಡಿರುತ್ತದೆ. ಅದ್ದಿ ನೋಡಿದರೆ ಎಷ್ಟಿದೆ ಎಂದು ತಿಳಿಯುತ್ತದೆ. ನನಗೆ ಅದು ಗೊತ್ತಿಲ್ಲದೆ ಇಲ್ಲ. ದಿನವಿಡೀ ಅಳೆಯುವುದೇ ನನ್ನ ಕೆಲಸ. ಆದರೆ ಖಾಲಿ ಎಂದ ಮೇಲೆ ಅಳೆಯುವುದೇನು ಮಣ್ಣು? ಹಸಿದು ಬಂದವನ ಎಲೆಗೆ ಬಡಿಸುವಾಗ ಹೊಟ್ಟೆ ಅಳೆಯುತ್ತೇವೆಯೆ? ಸುರಿದು, ಕೈ ಒರೆಸಿಕೊಂಡು, ಹಾಗೇ ಮಾರ್ಕೆಟ್ಟಿಗೂ ಒಂದು ಸುತ್ತು ಹೋಗಿ ಬರೋಣ ಎಂದು ಹೊರಟೆ. ಹೋಗುವಾಗ ಸರಿಯಿತ್ತು. ಬರುವಾಗ ಗಾಡಿ ಏದುಸಿರು ಬಿಡತೊಡಗಿತು. ಗೇಟಿನೊಳಗೆ ಬರುವಷ್ಟರಲ್ಲಿ ಹಿಂದುಗಡೆ ಬಿಳೀ ಹೊಗೆ. ಬಿಸಿಲಿಗೆ ಹಾಗಾಗಿರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಮೇಲೆ ಹೋದೆ. ಕೊತ್ತಂಬರಿ ಸೊಪ್ಪು ಕೆಳಗಿಟ್ಟಿರಲಿಲ್ಲ, ಇಂಟರ್‌ಕಾಮ್ ಮತ್ತೆ ಕೂಗಿತು.

‘ಮ್ಯಾಡಮ್! ಗಾಡೀತೂನ್ ತೇಲ್ ಗಳತಂಯ್!’

ಇದಕ್ಕೆ ಯಾವ ಅನುವಾದವೂ ಬೇಡ. ಎಣ್ಣೆ ಗಳಗಳ ಸುರಿಯುತ್ತಿದೆ. ಲಿಫ್ಟಿಗೂ ಕಾಯದೆ ಇಳಿದೆ. ಗಾಡಿಯ ಹೊಟ್ಟೆಯ ಪಕ್ಕದ ಒಂದು ಸಣ್ಣ ಕೊಳವೆಯಿಂದ ಜೇನುತುಪ್ಪದ ಬಣ್ಣದ ಎಣ್ಣೆ ಸುರಿದು ನೆಲದ ಮೇಲೆ ಹರಡುತ್ತಿತ್ತು. ಪಕ್ಕದ ಕಾರಿನ ಕಡೆಗೂ ಹೊರಟಿತ್ತು. ನನಗೆ ಕಂಡದ್ದು ಎಣ್ಣೆಯಲ್ಲ, ನನ್ನ ರಾಜೀನಾಮೆ. ಏನಾದರೂ ಮಾಡಬೇಕಲ್ಲ, ಓಡಿಹೋಗಿ ಮನೆಯಿಂದ ರಂಗೋಲಿ ಪುಡಿಯ ಡಬ್ಬಿ ತಂದು ಅದರ ಮೇಲೆ ಸುರಿದೆ. ಕಲ್ಲಿನ ಪುಡಿ, ಚೆನ್ನಾಗಿಯೇ ಹೀರಿಕೊಂಡಿತು. ಅಷ್ಟರಲ್ಲಿ ಮೊದಲನೇ ಮಹಡಿಯ ಜೋಶಿ ಕಾಕೂ ಕಿಟಕಿಯಿಂದ ಬಗ್ಗಿ, ‘ಇವತ್ತು ನಿಮ್ಮದು ಯಾವ ಹಬ್ಬ?’ ಎಂದು ಮರಾಠಿಯಲ್ಲಿ ಕೇಳಿದರು. ಮೈ ಉರಿದುಹೋಯಿತು. ‘ಶನಿ ಹಬ್ಬ’ ಎಂದೆ.

ಕರುಣಾಕರಣ್ಣನಿಗೆ ಫೋನು ಮಾಡಿದೆ. ಮಧ್ಯಾಹ್ನದ ಊಟದ ಹೊತ್ತು, ಹಿಂದುಗಡೆ ತಟ್ಟೆಗಳ ಸದ್ದು.

‘ಎಂತ ಅಕ್ಕ?’

‘ಎಂತ ಅಂತೆ ಎಂತ! ನಂಬಿ ತಗೊಂಡೆನಲ್ರೀ ನಿಮ್ಮ ಗಾಡೀನ! ಎಣ್ಣೆ ಎಲ್ಲಾ ಸೋರಿ ಬಿಲ್ಡಿಂಗ್ ತುಂಬ ಹರೀತಿದೆ. ಸಂಜೆ ಇವರು ಬಂದ್ರೆ ಏನು ಹೇಳ್ಲಿ? ವಾಪಸ್ ತಗೊಂಡ್ಬಿಡಿ, ನನಗೆ ಬೇಡ ನಿಮ್ಮ ಗಾಡಿ!’

‘ಸೋರ್ತಾ ಉಂಟಾ? ಬೆಳಿಗ್ಗೆ ನಾನೇ ನಿಂತು ನೋಡಿದ್ದೇನೆ ಅಕ್ಕ, ಒಂದು ಹನಿ ಇರ್ಲಿಲ್ಲ. ನೀವು ಎಂತದಾದ್ರೂ ಮಾಡಿದ್ದೀರಾ?’

‘ನಾನೇನು ಮಾಡ್ಲಿ? ನೀವು ಖಾಲಿ ಕಳಿಸಿದ್ರಿ, ನಾನು ಎಣ್ಣೆ ಹಾಕ್ದೆ.’

‘ಖಾಲಿಯಾ? ಎಷ್ಟು ಹಾಕಿದ್ದು?’

‘ಬಾಟ್ಲಿ ಪೂರ್ತಿ.’

ಆ ಕಡೆಯಿಂದ ಒಂದು ದೊಡ್ಡ ಉಸಿರು. ‘ಅಯ್ಯೋ ದೇವರೇ. ಹಾಗಾದ್ರೆ ಎಣ್ಣೆ ಹೆಚ್ಚಾಗಿದೆ ಅಕ್ಕ.’

ಇಲ್ಲಿ ನಮ್ಮಮ್ಮನ ಅಡುಗೆಮನೆಗೆ ಒಂದು ಸಲ ಹೋಗಿ ಬರಲೇಬೇಕು. ನಮ್ಮಮ್ಮ ಮನೆಯಲ್ಲಿ ಯಾವುದನ್ನೂ ಮುಗಿಯಿತು, ಇಲ್ಲ, ಖಾಲಿ ಎನ್ನಗೊಡುತ್ತಿರಲಿಲ್ಲ. ದೀಪ ಆರಿಸು ಎನ್ನಬಾರದು, ದೊಡ್ಡದು ಮಾಡು ಎನ್ನಬೇಕು. ಬಳೆ ಒಡೆಯಿತು ಎನ್ನಬಾರದು, ಹೆಚ್ಚಿತು ಎನ್ನಬೇಕು. ಅಕ್ಕಿ, ಎಣ್ಣೆ, ಅರಿಶಿನ, ಕುಂಕುಮ ಯಾವುದು ಮುಗಿದರೂ ‘ಹೆಚ್ಚಿದೆ’ ಎನ್ನಬೇಕು. ಮನೆಯಲ್ಲಿ ಎಲ್ಲ ಹೆಚ್ಚಿದ ದಿನ ನಮಗೆ ಬರೀ ಗಂಜಿ. ಒಂದು ಸಲ ನನ್ನ ಕೈಗೆ ಗಿಂಡಿ ಕೊಟ್ಟು, ‘ಮನೇಲಿ ಎಣ್ಣೆ ಹೆಚ್ಚಿದೆ ಅಂತ ಶೆಟ್ಟರಿಗೆ ಹೇಳಿ ಇಸ್ಕೊಂಡು ಬಾ’ ಎಂದು ಅಂಗಡಿಗೆ ಓಡಿಸಿದರು. ಅವತ್ತು ಶೆಟ್ಟರಿರಲಿಲ್ಲ, ಅವರ ಬದಲು ಹೊಸಬ ಯಾರೋ ಕೂತಿದ್ದ. ‘ಮನೇಲಿ ಎಣ್ಣೆ ಹೆಚ್ಚಿದೆ’ ಎಂದು ಕಂಠಪಾಠ ಒಪ್ಪಿಸಿದೆ. ‘ಹೆಚ್ಚಿದ್ರೆ ಪಕ್ಕದ್ಮನೆಗೆ ಕೊಡು ಪುಟ್ಟಿ’ ಎಂದ. ಬರೀ ಗಿಂಡಿ ಹಿಡಿದು ಅಳುತ್ತಾ ಬಂದೆ.

ಹೀಗೆ ಬೆಳೆದ ಕಿವಿ ನನ್ನದು. ಮುಂಬಯಿಯಲ್ಲಿ ಇಷ್ಟು ವರ್ಷ ಬಾಳಿದರೂ ಗಾಬರಿಯಾದಾಗ ಅದು ಸೀದಾ ಅಮ್ಮನ ಹತ್ತಿರ ಓಡಿಹೋಗುತ್ತದೆ. ಕರುಣಾಕರಣ್ಣ ಎಣ್ಣೆ ಹೆಚ್ಚಾಗಿದೆ ಎಂದಾಗ ನನಗೆ ಕೇಳಿಸಿದ್ದು, ಎಲ್ಲ ಮುಗಿಯಿತು ಎಂದು.

‘ಪೂರ್ತಿ ಹೆಚ್ಚಿಹೋಯ್ತಾ?’ ಎಂದೆ.

‘ಪೂರ್ತಿ ಹೆಚ್ಚು! ಡಬಲ್!’

ನಾನು ಅಲ್ಲೇ ರಂಗೋಲಿಯ ಪಕ್ಕ, ಸಿಮೆಂಟಿನ ಕಟ್ಟೆಯ ಮೇಲೆ ಕುಸಿದು ಅಳಲು ಶುರುಮಾಡಿದೆ. ಜೋಶಿ ಕಾಕೂ ಕಿಟಕಿಯಲ್ಲಿ ಇದ್ದರೋ ಇಲ್ಲವೋ ನೋಡಲಿಲ್ಲ.

‘ಅಕ್ಕ? ಅಕ್ಕ, ಅಳ್ತಾ ಇದ್ದೀರಾ? ಎಂತಕ್ಕೆ ಅಳುದು? ನಿಲ್ಲಿ, ಬಂದೆ.’

ಗಲ್ಲಾ ಯಾರ ಕೈಗೆ ಒಪ್ಪಿಸಿದರೋ, ಆಟೋದಲ್ಲಿ ಬಂದೇಬಿಟ್ಟರು. ಒಂದು ಕೈಯಲ್ಲಿ ಸ್ಪ್ಯಾನರು, ಇನ್ನೊಂದರಲ್ಲಿ ಹೋಟೆಲಿನ ಎಣ್ಣೆಡಬ್ಬವನ್ನು ಅರ್ಧಕ್ಕೆ ಕತ್ತರಿಸಿ ಮಾಡಿದ ತಗಡಿನ ತಟ್ಟೆ. ಸೊಂಟ ಹಿಡಿದುಕೊಂಡೇ ಬಗ್ಗಿ, ಮುಚ್ಚಳ ತಿರುಗಿಸಿ, ಅಳತೆಕಡ್ಡಿ ಎತ್ತಿ ನನ್ನ ಮುಖದ ಮುಂದೆ ಹಿಡಿದರು. ಕಡ್ಡಿ ಪೂರ್ತಿ ಎಣ್ಣೆಯಲ್ಲಿ ಮಿಂದಿತ್ತು.

‘ನೋಡಿ. ಜಾಸ್ತಿ ಉಂಟು ಮಾರಾಯ್ರೆ! ಅದಕ್ಕೆ ಎಲ್ಲಿ ಜಾಗ ಉಂಟು ಪಾಪ, ಉಸಿರಾಡುವ ಪೈಪಿಂದ ವಾಂತಿ ಮಾಡ್ತಾ ಉಂಟು.’

‘ಹೆಚ್ಚಾಗಿದೆ ಅಂದ್ರಲ್ಲ?’

‘ಹೌದು, ಹೆಚ್ಚಾಗಿದೆ.’

‘ಹೆಚ್ಚಾಗಿದೆ ಅಂದ್ರೆ... ನಿಜವಾಗ್ಲೂ ಹೆಚ್ಚಾಗಿದೆಯಾ?’

ಅವರು ನನ್ನನ್ನು ಒಂದು ಥರಾ ನೋಡಿದರು. ಬಿಸಿಲಿಗೆ ತಲೆ ತಿರುಗಿದೆ ಅಂದುಕೊಂಡಿರಬೇಕು. ‘ಅಲ್ಲ ಅಕ್ಕ, ಬೆಳಿಗ್ಗೆ ಸರಿ ಅಳತೆಗೆ ತುಂಬಿಸಿ ಕಳಿಸಿದ್ದೇನೆ. ಖಾಲಿ ಅಂತ ನಿಮಗೆ ಹೇಳಿದ್ದು ಯಾರು?’

ನಾನು ಗೇಟಿನ ಕಡೆ ಕೈ ತೋರಿಸಿದೆ. ಸಾವಂತ್ ಮಾಮಾ ಆಗಲೇ ಟೋಪಿ ಸರಿಮಾಡಿಕೊಂಡು ಬರುತ್ತಿದ್ದರು. ತಮ್ಮ ಹೆಸರು ಬಂತೆಂದು ತಿಳಿದು, ‘ಹೋ, ನಾನೇ ಹೇಳಿದ್ದು, ತೇಲ್ ಖಾಲೀ ಆಹೆ. ಈಗಲೂ ಖಾಲೀಚ್ ಆಹೆ’ ಎಂದರು. ಈಗಲೂ ಖಾಲಿಯೆ? ಅಷ್ಟು ಸುರಿದ ಮೇಲೂ? ನಾನು ಬಾಯಿ ತೆಗೆಯುವಷ್ಟರಲ್ಲಿ ಅವರು ತಮ್ಮ ಕ್ಯಾಬಿನ್ನಿಗೆ ಹೋಗಿ, ಬಗ್ಗಿ, ಮೇಜಿನ ಕೆಳಗಿನಿಂದ ಒಂದು ಆಯಿಲ್ ಬಾಟಲಿ ತೆಗೆದು ತಂದು ನನ್ನ ಕೈಗಿಟ್ಟರು. ಅರ್ಧಕ್ಕಿಂತ ಕಡಿಮೆ ಉಳಿದಿತ್ತು.

‘ಉಳಿದದ್ದನ್ನು ವಾಚ್‌ಮನ್ ಹತ್ರ ಕೊಟ್ಟು ಬರ್ಲಿಕ್ಕೆ ನಾನೇ ಹೇಳಿದ್ದು’ ಎಂದರು ಕರುಣಾಕರಣ್ಣ.

ಮರಾಠಿಯಲ್ಲಿ ಖಾಲೀ ಎಂದರೆ ಕೆಳಗೆ. ಗಾಡಿ ಬಂತು, ಎಣ್ಣೆ ಕೆಳಗಿದೆ, ಬಂದು ತೆಗೆದುಕೊಂಡು ಹೋಗಿ. ಇಷ್ಟೇ ಆ ಪುಣ್ಯಾತ್ಮ ಹೇಳಿದ್ದು. ನನಗೆ ಆ ಪದ ಬಾರದ್ದೇನಲ್ಲ. ಲಿಫ್ಟ್ ಖಾಲೀ ಆಹೆ, ಮುಲ್ಗಿ ಖಾಲೀ ಖೇಳತೇಯ್, ಅಂದರೆ ಲಿಫ್ಟ್ ಕೆಳಗಿದೆ, ಹುಡುಗಿ ಕೆಳಗೆ ಆಡುತ್ತಿದ್ದಾಳೆ ಎಂದು ನಾನೇ ಎಷ್ಟು ಸಲ ಹೇಳಿಲ್ಲ? ಆದರೆ ಎಣ್ಣೆಯ ಪಕ್ಕದಲ್ಲಿ ಬಂದು ಕೂತರೆ ಖಾಲಿ ಕನ್ನಡದ್ದೇ. ಅಡುಗೆಮನೆಯಲ್ಲಿ ನಿಂತವಳಿಗೆ ಅದು ಬೇರೆ ಥರ ಕೇಳಿಸುವುದೇ ಇಲ್ಲ. ಮೇಲಾಗಿ ಕೆಳಗಿದ್ದ ಎಣ್ಣೆಯನ್ನು ಖಾಲಿ ಅಂದುಕೊಂಡೆ, ಹೆಚ್ಚಾದ ಎಣ್ಣೆಯನ್ನು ಮುಗಿಯಿತು ಅಂದುಕೊಂಡೆ. ಒಂದೇ ದಿನ, ಒಂದೇ ಎಣ್ಣೆ, ಎರಡೂ ಸಲ ಉಲ್ಟಾ.

ವಿಷಯ ತಿಳಿದ ಮೇಲೆ ಕರುಣಾಕರಣ್ಣ ನಕ್ಕ ನಗು! ಸೊಂಟ ಹಿಡಿದುಕೊಂಡು ‘ಅಯ್ಯಯ್ಯೋ, ನೋಯ್ತದೆ, ನಗಿಸ್ಬೇಡಿ’ ಎನ್ನುತ್ತಾ ಮತ್ತೆ ನಕ್ಕರು. ಸಾವಂತ್ ಮಾಮಾನಿಗೆ ಹಿಂದಿಯಲ್ಲಿ ಬಿಡಿಸಿ ಹೇಳಿದರು. ಅವರೂ ಶುರುಮಾಡಿದರು. ನಾನು ಮೊದಲು ಸಿಟ್ಟು ಮಾಡಿಕೊಂಡು ನಿಂತಿದ್ದೆ, ಆಮೇಲೆ ಕಟ್ಟೆ ಹಿಡಿದುಕೊಂಡು ನಗಬೇಕಾಯಿತು.

ಕೆಳಗಿನ ಬೋಲ್ಟು ಸಡಿಲಿಸಿ ಹೆಚ್ಚಿನದನ್ನು ತಗಡಿನ ತಟ್ಟೆಗೆ ಇಳಿಸಿದರು. ಎಣ್ಣೆ ಕುಡಿದು ತೊಯ್ದಿದ್ದ ಏರ್ ಫಿಲ್ಟರ್ ತೆಗೆದು ತೊಳೆದು ಒಣಗಿಸಿದ್ದಾಯಿತು. ಹಿಂದಿನ ಟೈರಿಗೆ ಹಾರಿದ್ದ ಎಣ್ಣೆಯನ್ನು ನಾನೇ ಸೋಪು ಹಾಕಿ ಮೂರು ಸಲ ತಿಕ್ಕಿದೆ. ಕಡ್ಡಿ ಅದ್ದಿ ನೋಡಿದರು, ನನಗೂ ತೋರಿಸಿದರು. ಸ್ಟಾರ್ಟ್ ಮಾಡಿದರು. ಮೊದಲು ಚೂರು ಹೊಗೆ ಬಂತು, ಆಮೇಲೆ ನಿಂತಿತು. ಮೂವರೂ ಬಗ್ಗಿ ಕೆಳಗೆ ನೋಡುತ್ತಾ ನಿಂತೆವು. ಒಂದು ಹನಿಯೂ ಬೀಳಲಿಲ್ಲ. ‘ಒಂದು ಸೀಲೂ ಹೋಗ್ಲಿಲ್ಲ ಅಕ್ಕ. ಗಟ್ಟಿ ಗಾಡಿ’ ಎಂದರು.

‘ಫೋನಲ್ಲಿ ಏನೇನೋ ಅಂದುಬಿಟ್ಟೆ. ಮನಸ್ಸಿಗೆ ಹಚ್ಕೋಬೇಡಿ’ ಎಂದೆ.

‘ಬೈದದ್ದು ಹೋಗ್ಲಿ, ಹೋಟ್ಲಲ್ಲಿ ದಿನಾ ಬೈಸಿಕೊಳ್ತೇನೆ. ಗಾಡಿ ವಾಪಸ್ ತಗೊಳ್ಳಿ ಅಂದ್ರಲ್ಲ, ಅದು ಮಾತ್ರ ಬೇಜಾರಾಯ್ತು.’ ಮುಖದಲ್ಲಿ ನಗುವಿತ್ತು, ಆದರೂ ಅದು ನಿಜವೇ ಎಂದು ನನಗೆ ಗೊತ್ತಾಯಿತು. ಮೇಲೆ ಕರೆದು ಕಾಫಿ ಕೊಟ್ಟೆ. ಡಿಕಾಕ್ಷನ್ ಸರಿ ಉಂಟಾ ಎಂದು ಈ ಸಲ ನಾನೇ ಕೇಳಿದೆ.

ಯಜಮಾನರಿಗೆ ಹೇಗೆ ಹೇಳಬೇಕೆಂದು ಸಂಜೆಯವರೆಗೆ ಭಾಷಣ ಕಟ್ಟುತ್ತಿದ್ದೆ. ದಂಡವಾಯಿತು. ಸಾವಂತ್ ಮಾಮಾ ಕೆಳಗೇ ಹಿಡಿದು ನಿಲ್ಲಿಸಿ, ಅಭಿನಯ ಸಮೇತ ಕಥೆಯನ್ನೆಲ್ಲ ಒಪ್ಪಿಸಿಬಿಟ್ಟಿದ್ದರು. ಇವರು ಒಳಗೆ ಬಂದು, ಕೈಕಾಲು ತೊಳೆದು, ಕುರ್ಚಿಯಲ್ಲಿ ಕೂತರು. ನಾದಿನಿ ಕಳಿಸಿದ್ದ ಚಕ್ಕುಲಿ ಡಬ್ಬಿಯನ್ನು ಮೇಜಿನ ಮೇಲಿಟ್ಟರು.

‘ಮಾತು ಅಂದ್ರೆ ಮಾತು’ ಎಂದರು. ‘ಒಂದು ಸಲ ಕೈ ಕೊಟ್ರೆ ವಾಪಸ್ ಅಂತ ಆಗಿತ್ತು. ಈಗ ಕೈ ಕೊಟ್ಟಿದ್ದು ಗಾಡಿಯಲ್ಲ, ನೀನು. ನಿನ್ನ ಎಲ್ಲಿಗೆ ವಾಪಸ್ ಕಳಿಸ್ಲಿ?’

‘ಸಾಕು ಸುಮ್ನಿರ್ರೀ’ ಎಂದೆ. ಹೋದ ಜೀವ ಬಂದಿತ್ತು.

ಅವರು ಚಕ್ಕುಲಿಯೊಂದನ್ನು ಮುರಿದು ಕೈಯಲ್ಲೇ ಇಟ್ಟುಕೊಂಡರು. ‘ಒಂದು ನಿಜ ಹೇಳ್ಲಾ? ಕೆಳಗೆ ನೆಲದ ಮೇಲೆ ಎಣ್ಣೆ ನೋಡಿದ ತಕ್ಷಣ, ಮಾಮಾ ಇನ್ನೂ ಏನೂ ಹೇಳಿರ್ಲಿಲ್ಲ, ನನಗೆ ಸಂತೋಷ ಆಗ್ಬೇಕಿತ್ತು. ಪೀಡೆ ತೊಲಗ್ತು ಅಂತ. ಆಗ್ಲಿಲ್ಲ ಕಣೇ. ಅಯ್ಯೋ, ಇವಳು ಸೋಮವಾರ ಕೆಲಸಕ್ಕೆ ಹೇಗೆ ಹೋಗ್ತಾಳೆ ಅನ್ನಿಸ್ತು.’ ಇಷ್ಟು ಹೇಳಿ ಚಕ್ಕುಲಿ ತಿನ್ನತೊಡಗಿದರು. ಷರತ್ತಿನ ಮಾತು ನಮ್ಮ ಮನೆಯಲ್ಲಿ ಮತ್ತೆ ಬರಲಿಲ್ಲ.

ಸೋಮವಾರ ಬೆಳಿಗ್ಗೆ ಗಾಡಿ ತೆಗೆದೆ. ಎಲ್‌ಬಿಎಸ್ ರೋಡಿನಲ್ಲಿ ಎಂದಿನ ಜಾಮು. ಬಸ್ಸುಗಳ ನಡುವೆ ದಾರಿ ಮಾಡಿಕೊಂಡು ಹೋಗುತ್ತಿದ್ದಾಗ, ಯಾಕೆಂದು ತಿಳಿಯದು, ಅಳು ಬಂತು. ದುಃಖದ್ದಲ್ಲ. ಎರಡು ದಿನದಿಂದ ಬಿಗಿಹಿಡಿದದ್ದು ಸಡಿಲವಾಯಿತು, ಅಷ್ಟೇ. ಹೆಲ್ಮೆಟ್ಟಿನೊಳಗೆ ಅಳುವುದರಲ್ಲಿ ಒಂದು ತಾಪತ್ರಯವಿದೆ, ಒರೆಸಿಕೊಳ್ಳಲು ಆಗುವುದಿಲ್ಲ. ಕಣ್ಣೀರು ಮೂಗು ಎಲ್ಲ ಒಂದಾಗಿ ಕಾರ್ಖಾನೆಯ ಗೇಟು ಮುಟ್ಟಿದೆ. ಹೆಲ್ಮೆಟ್ ತೆಗೆದಾಗ ಗೇಟಿನವನು ಗಾಬರಿಯಾಗಿ, ‘ಏನಾಯಿತು ಮ್ಯಾಡಮ್?’ ಎಂದ.

‘ಏನೂ ಇಲ್ಲಪ್ಪ, ಹೊತ್ತಿಗೆ ಸರಿಯಾಗಿ ಬಂದೆ’ ಎಂದೆ.